ಟೆಲಿ ಲೆನ್ಸಲ್ಲಿ ಫೋಟೋ ಶಾರ್ಪ್ ಬರ್ತಿಲ್ವಾ? ಲೆನ್ಸ್ ಮಾರೋಕ್ ಮುಂಚೆ ಇಷ್ಟು ಮಾಡಿ ನೋಡಿ

ಮೈದನಹಳ್ಳಿ ಹುಲ್ಲುಗಾವಲಿಗೆ ಮಧ್ಯಾಹ್ನ 12 ಗಂಟೆಗೆ ಹೋಗಿ, 200 ಮೀಟರ್ ದೂರದಲ್ಲಿ ನಿಂತಿರೋ ಕೃಷ್ಣಮೃಗಕ್ಕೆ ಇಪ್ಪತ್ತು ಕ್ಲಿಕ್ ಹೊಡ್ದು, ಮನೇಗ್ ಬಂದು ಕಂಪ್ಯೂಟರಲ್ಲಿ ಜೂಮ್ ಮಾಡಿ ನೋಡಿ ‘ಥೂ, ಈ ಲೆನ್ಸೇ ಸರಿ ಇಲ್ಲ’ ಅಂತ ಸೆಕೆಂಡ್ ಹ್ಯಾಂಡಿಗೆ ಹಾಕೋರು ನಮ್ ತುಮಕೂರು ಕಡೆ ಬೇಕಾದಷ್ಟು ಜನ ಇದಾರೆ. ಆ ಲೆನ್ಸ್ ತಗೊಂಡ ಇನ್ನೊಬ್ರು ಅದರಲ್ಲೇ ಚೆನ್ನಾಗಿ ತೆಗೀತಿರ್ತಾರೆ. ಲೆನ್ಸ್ ಕೆಟ್ಟಿರೋದು ಅಪರೂಪ ಕಣ್ರೀ, ಬಹುತೇಕ ಸಲ ತಪ್ಪು ಇರೋದು ಶಟರ್ ಸ್ಪೀಡಲ್ಲಿ (ಫೋಟೋಗೆ ಬೆಳಕು ಬೀಳೋ ಸಮಯ), ಫೋಕಸ್ ಪಾಯಿಂಟಲ್ಲಿ, ಇಲ್ಲಾಂದ್ರೆ ನಮ್ಗೂ ಪ್ರಾಣಿಗೂ ಮಧ್ಯೆ ಇರೋ ಗಾಳಿಯಲ್ಲಿ.

ಹಂಗಾಗಿ ಮೊದಲು ಮಾಡ್ಬೇಕಾದ ಕೆಲ್ಸ ಅಂದ್ರೆ ಸೆಟ್ಟಿಂಗ್ ಬದಲಾಯಿಸೋದಲ್ಲ, ನಿಮ್ ಫೋಟೋ ಯಾವ ಥರ ಬ್ಲರ್ ಆಗಿದೆ ಅಂತ ಕಂಡುಹಿಡಿಯೋದು. ಎಲ್ಲ ಬ್ಲರ್ರೂ ಒಂದೇ ಅಲ್ಲ, ಒಂದೊಂದಕ್ಕೂ ಔಷಧಿ ಬೇರೆ.

ಮೊದಲ ಹೆಜ್ಜೆ: ಯಾವ ಬ್ಲರ್?

ಹಳೇ ಫೋಟೋಗಳನ್ನ ಓಪನ್ ಮಾಡಿ 100 ಪರ್ಸೆಂಟ್ ಜೂಮ್ ಮಾಡಿ. ಪ್ರಾಣಿ, ಹುಲ್ಲು, ಕಲ್ಲು ಎಲ್ಲಾನೂ ಒಂದೇ ದಿಕ್ಕಿಗೆ ಎಳೆದಂಗೆ ಕಾಣ್ತಿದ್ರೆ ಅದು ನಿಮ್ ಕೈ ಅಲುಗಾಡಿರೋದು. ಕೊಂಬೆ, ಹುಲ್ಲು ನೀಟಾಗಿದ್ದು ರೆಕ್ಕೆ ಅಥವಾ ಕಾಲು ಮಾತ್ರ ಕಲಸಿಹೋಗಿದ್ರೆ ಅದು ಪ್ರಾಣಿ ಅಲುಗಾಡಿರೋದು, ಶಟರ್ ಸಾಲದು. ಹಕ್ಕಿ ಮಂಜಾಗಿದ್ದು ಅದರ ಮುಂದಿನ ಮುಳ್ಳಿನ ಕಡ್ಡಿ ಅಥವಾ ಹಿಂದಿನ ಎಲೆ ಶಾರ್ಪ್ ಇದ್ರೆ ಫೋಕಸ್ ಬೇರೆ ಕಡೆ ಕೂತಿದೆ. ಇನ್ನು ನಾಲ್ಕನೇದು, ನಮ್ ಬಯಲುಸೀಮೆಯೋರಿಗೆ ಜಾಸ್ತಿ ಕಾಡೋದು: ಫ್ರೇಮಲ್ಲಿ ಎಲ್ಲೂ ಏನೂ ಶಾರ್ಪ್ ಇಲ್ಲ, ಪ್ರಾಣಿಯ ಅಂಚು ನೀರಲ್ಲಿ ನೋಡಿದಂಗೆ ಅಲೆಅಲೆಯಾಗಿದೆ, ಒಂದೇ ಬರ್ಸ್ಟಲ್ಲಿ (ಬಟನ್ ಒತ್ತಿ ಹಿಡ್ದು ಪಟಪಟ ಅಂತ) ತೆಗೆದ ಹತ್ತು ಫೋಟೋದಲ್ಲಿ ಒಂದೊಂದೂ ಒಂದೊಂದು ಥರ ಇದೆ. ಇದು ಬಿಸಿ ಗಾಳಿ. ಇದಕ್ಕೆ ಎಷ್ಟು ಲಕ್ಷದ ಲೆನ್ಸ್ ತಂದ್ರೂ ಪರಿಹಾರ ಇಲ್ಲ.

ಇದನ್ನ ಒಂದು ಸಂಜೆ ಕೂತು ನೋಡಿದ್ರೆ ನಿಮ್ ಕಾಯಿಲೆ ಯಾವ್ದು ಅಂತ ನಿಮ್ಗೇ ಗೊತ್ತಾಗತ್ತೆ, ಮುಂದಿನದನ್ನ ಅದಕ್ಕೆ ತಕ್ಕಂಗೆ ಓದ್ಕೊಳಿ.

ಎರಡನೇದು: ಮನೇಲೇ ಲೆನ್ಸ್ ಟೆಸ್ಟ್

ಅನುಮಾನ ಇಟ್ಕೊಂಡು ಕಾಡಿಗೆ ಹೋಗ್ಬೇಡಿ. ಗೋಡೆಗೆ ಒಂದು ಕನ್ನಡ ಪೇಪರ್ ಅಂಟಿಸಿ, ಸಣ್ಣ ಅಕ್ಷರದ ಕ್ಲಾಸಿಫೈಡ್ಸ್ ಪುಟ ಆದ್ರೆ ಒಳ್ಳೇದು. ಬೆಳಕು ಚೆನ್ನಾಗಿರೋ ಹೊತ್ತಲ್ಲಿ 8-10 ಮೀಟರ್ ದೂರದಲ್ಲಿ ಟ್ರೈಪಾಡೋ ಗಟ್ಟಿ ಟೇಬಲ್ಲೋ ಇಟ್ಟು, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯೋ ವ್ಯವಸ್ಥೆ) ಆಫ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ, ಲೆನ್ಸ್ ಫುಲ್ ಜೂಮ್, ಅಪರ್ಚರ್ (ಬೆಳಕು ಬರೋ ಕಿಂಡಿ) ಫುಲ್ ಓಪನ್, ಅಂದ್ರೆ ಎಫ್ ನಂಬರ್ ಅತಿ ಚಿಕ್ಕದು. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಆದ್ರೆ ಲೈವ್ ವ್ಯೂನಲ್ಲಿ, ಅಂದ್ರೆ ಹಿಂದಿನ ಸ್ಕ್ರೀನಲ್ಲಿ ನೋಡಿ, ಫೋಕಸ್ ಮಾಡಿ ನಾಲ್ಕು ಫೋಟೋ ತೆಗೀರಿ, ಆಮೇಲೆ ವ್ಯೂಫೈಂಡರಲ್ಲಿ ಫೋಕಸ್ ಮಾಡಿ ನಾಲ್ಕು. ಲೈವ್ ವ್ಯೂದು ಶಾರ್ಪ್ ಇದ್ದು ವ್ಯೂಫೈಂಡರ್‌ದು ಮಂಜಾಗಿದ್ರೆ ಲೆನ್ಸ್ ಸರಿ ಇದೆ, ಫೋಕಸ್ ಮುಂದಕ್ಕೋ ಹಿಂದಕ್ಕೋ ಬೀಳ್ತಿದೆ, ನಿಮ್ ಬಾಡೀಲಿ ಎಎಫ್ (ಆಟೋ ಫೋಕಸ್) ಫೈನ್ ಟ್ಯೂನ್ ಅನ್ನೋ ಆಪ್ಷನ್ ಇದ್ರೆ ಅದರಲ್ಲಿ ಸರಿ ಮಾಡ್ಕೋಬಹುದು. ಎರಡೂ ಮಂಜಾಗಿದ್ರೆ ಆಗ ಸರ್ವಿಸ್ ಸೆಂಟರ್ ಕಡೆ ನಡೀರಿ. ಮಿರರ್‌ಲೆಸ್ (ಕನ್ನಡಿ ಇಲ್ಲದ್ದು) ಇದ್ರೆ ಈ ಮುಂದೆ-ಹಿಂದೆ ತಾಪತ್ರಯ ಬಹಳ ಕಮ್ಮಿ, ಯಾಕಂದ್ರೆ ಅದು ಸೆನ್ಸರ್ ಮೇಲೇ ಫೋಕಸ್ ನೋಡತ್ತೆ.

ಇದೇ ಪೇಪರ್ ಮೇಲೆ ಎಫ್ 6.3, 7.1, 8, 11 ಅಂತ ಒಂದೊಂದು ತೆಗೆದು ಹೋಲಿಸಿ. 150-600 ಥರದ ಜೂಮ್‌ಗಳಲ್ಲಿ ಸಾಮಾನ್ಯವಾಗಿ 600ರ ತುದೀಲಿ ಎಫ್ 8 ಕಡೆ ಹೋದ್ರೆ ಸ್ವಲ್ಪ ಕ್ರಿಸ್ಪ್ ಆಗತ್ತೆ. ಎಫ್ 11 ದಾಟಿದ್ರೆ ಮತ್ತೆ ಮೆತ್ತಗಾಗತ್ತೆ. ಲೆನ್ಸ್ ಮುಂದೆ ‘ಸೇಫ್ಟಿಗೆ’ ಅಂತ 300 ರೂಪಾಯಿದು ಯುವಿ ಫಿಲ್ಟರ್ ಹಾಕಿದೀರಾ? ಅದನ್ನ ಬಿಚ್ಚಿ ಇನ್ನೊಂದ್ಸಲ ತೆಗೀರಿ. ವ್ಯತ್ಯಾಸ ನೋಡಿದ್ಮೇಲೆ ನೀವೇ ಅದನ್ನ ಡ್ರಾಯರಿಗೆ ಎಸೀತೀರಿ. ಕಾಪಾಡೋ ಕೆಲ್ಸಕ್ಕೆ ಹುಡ್ (ಲೆನ್ಸ್ ಮುಂದೆ ಹಾಕೋ ಕೊಳವೆ) ಸಾಕು.

ಮೂರನೇದು: ಶಟರ್ ಸ್ಪೀಡ್, ಇದರಲ್ಲಿ ಜಿಪುಣತನ ಬೇಡ

ಹಳೇ ಲೆಕ್ಕ ಏನಂದ್ರೆ ಫೋಕಲ್ ಲೆಂತ್ (ಲೆನ್ಸ್ ಮೇಲಿರೋ ಎಂಎಂ ಸಂಖ್ಯೆ) ಎಷ್ಟೋ, ಸೆಕೆಂಡಿನ ಅಷ್ಟರಲ್ಲಿ ಒಂದು ಭಾಗ. ಕ್ರಾಪ್ ಸೆನ್ಸರಾದ್ರೆ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಅದನ್ನ ಒಂದೂವರೆ ಪಟ್ಟು ಮಾಡಿ. 400 ಎಂಎಂ ಇದ್ರೆ 1/600, 600 ಎಂಎಂ ಇದ್ರೆ 1/900 ಅಂತ ಇಟ್ಕೊಳಿ. ಆದ್ರೆ ಇದು ನಿಮ್ ಕೈ ಶೇಕಿಗೆ ಮಾತ್ರ ಲೆಕ್ಕ, ಪ್ರಾಣಿ ಓಡಾಟಕ್ಕಲ್ಲ. ಕೂತಿರೋ ಹಕ್ಕಿಗೆ 1/500 ನಡೆಯತ್ತೆ, ಆದ್ರೂ ಕೂತ ಹಕ್ಕಿ ಅನ್ನೋದು ಸುಳ್ಳು ಮಾತು, ಪಿಕಳಾರ ಕೂತಲ್ಲೇ ಸೆಕೆಂಡಿಗೆ ನಾಲ್ಕು ಸಲ ತಲೆ ತಿರುಗಿಸ್ತಿರತ್ತೆ. ನಡೀತಿರೋ ಜಿಂಕೆಗೆ 1/800 ಇಂದ 1/1000. ಓಡೋ, ನೆಗೆಯೋ ಕೃಷ್ಣಮೃಗಕ್ಕೆ 1/2000. ಬಣ್ಣದ ಕೊಕ್ಕರೆ ಥರ ದೊಡ್ಡ ಹಕ್ಕಿ ನಿಧಾನಕ್ಕೆ ರೆಕ್ಕೆ ಬಡಿಯತ್ತೆ, 1/1600 ಸಾಕು. ಕಳ್ಳಿಪೀರ, ಮಿಂಚುಳ್ಳಿ ಹಾರೋದು ಬೇಕಂದ್ರೆ 1/3200 ಕೊಟ್ರೂ ಕಮ್ಮಿನೇ.

ಸ್ಟೆಬಿಲೈಸೇಶನ್ ಇದ್ಯಲ್ಲ ಅಂತೀರಾ, ಅದು ನಿಮ್ ಕೈ ನಡುಕ ನಿಲ್ಸತ್ತೆ, ಹಕ್ಕಿ ರೆಕ್ಕೆ ನಿಲ್ಸಲ್ಲ. ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಅಂತ ಡಬ್ಬಿ ಮೇಲೆ ಬರ್ದಿರೋದನ್ನ ನಂಬಿ 1/60ರಲ್ಲಿ ನವಿಲು ತೆಗೆಯೋಕ್ ಹೋಗ್ಬೇಡಿ.

ಮೋಡ್ ಯಾವ್ದು ಅಂತ ಎಲ್ರೂ ಕೇಳ್ತಾರೆ. ನಾನು ಹೇಳೋದು ಮ್ಯಾನುಯಲ್ ಮೋಡ್ ಜೊತೆ ಆಟೋ ಐಎಸ್ಓ (ಬೆಳಕಿಗೆ ಎಷ್ಟು ಸೂಕ್ಷ್ಮ ಇರ್ಬೇಕು ಅಂತ ಕ್ಯಾಮೆರಾನೇ ಆರಿಸೋದು). ಶಟರ್, ಅಪರ್ಚರ್ ನೀವು ಫಿಕ್ಸ್ ಮಾಡಿ, ಬೆಳಕಿನ ಹೊಂದಾಣಿಕೆ ಕ್ಯಾಮೆರಾ ನೋಡ್ಕೊಳ್ಲಿ. ಐಎಸ್ಓ 1600, 3200 ಹೋಯ್ತು ಅಂತ ಎದೆ ಹೊಡ್ಕೋಬೇಡಿ, ಈಗಿನ ಸಾಫ್ಟ್‌ವೇರು ಗ್ರೇನ್ (ಮರಳಿನಂಥ ಚುಕ್ಕಿ) ತೆಗಿಯತ್ತೆ, ಅಲುಗಾಡಿದ ಕಣ್ಣನ್ನ ಯಾವ ಸಾಫ್ಟ್‌ವೇರೂ ಸರಿಯಾಗಿ ವಾಪಸ್ ತರಲ್ಲ. ಬೆಳಕು ಕಮ್ಮಿ ಇದ್ದಾಗ ಎಕ್ಸ್‌ಪೋಶರ್ ಕಮ್ಮಿ ಇಟ್ಟು ಆಮೇಲೆ ಕಂಪ್ಯೂಟರಲ್ಲಿ ಬೆಳಕು ಎತ್ತೋದು ಇನ್ನೂ ಕೆಟ್ಟ ಉಪಾಯ, ನೆರಳೆಲ್ಲಾ ಮರಳು ಮರಳಾಗತ್ತೆ, ಅದನ್ನೇ ಜನ ಶಾರ್ಪ್ ಇಲ್ಲ ಅಂತಾರೆ.

ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕಕ್ಕಿಂತ ಫೋಟೋ ಸ್ವಲ್ಪ ಕತ್ತಲೆ ಅಥವಾ ಬೆಳಕು ಮಾಡೋದು) ಬಗ್ಗೆ ಎರಡೇ ಮಾತು. ಬೆಳ್ಳಕ್ಕಿ, ಕೊಕ್ಕರೆ ಥರ ಬಿಳಿ ಹಕ್ಕಿ ಹಿಂದೆ ಕತ್ತಲೆ ಮರ ಇದ್ರೆ ಮೈನಸ್ 0.7, ಇಲ್ಲಾಂದ್ರೆ ಗರಿ ಎಲ್ಲಾ ಸುಟ್ಟು ಸುಣ್ಣದ ಗೋಡೆ ಆಗತ್ತೆ, ಗರಿಯ ಗೆರೆ ಇಲ್ಲ ಅಂದ್ರೆ ಶಾರ್ಪ್‌ನೆಸ್ ಎಲ್ಲಿಂದ ಬರ್ಬೇಕು? ಬಿಳಿ ಆಕಾಶದಲ್ಲಿ ಹದ್ದು ಹಾರ್ತಿದ್ರೆ ಪ್ಲಸ್ 1.

ನಾಲ್ಕನೇದು: ಫೋಕಸ್ ಕಣ್ಣಿಗೇ ಬೀಳ್ಬೇಕು

ಇಲ್ಲಿ ಒಂದು ಲೆಕ್ಕ ತಲೇಲಿ ಇಟ್ಕೊಳಿ. ಕ್ರಾಪ್ ಬಾಡಿ, 600 ಎಂಎಂ, ಎಫ್ 6.3, ಹಕ್ಕಿ 10 ಮೀಟರ್ ದೂರ. ಶಾರ್ಪಾಗಿ ಬರೋ ಜಾಗ ಹಿಂದೆ ಮುಂದೆ ಎಲ್ಲಾ ಸೇರಿ ಸುಮಾರು 7 ಸೆಂಟಿಮೀಟರ್ ಅಷ್ಟೇ. 20 ಮೀಟರ್ ಆದ್ರೆ 28 ಸೆಂಟಿಮೀಟರ್ ಆಸುಪಾಸು. ಅಂದ್ರೆ ಹತ್ರದ ಹಕ್ಕಿಗೆ ಎದೆ ಮೇಲೆ ಫೋಕಸ್ ಬಿದ್ರೆ ಕಣ್ಣು ಆಚೆ ಹೋಗಿರತ್ತೆ. ಕಣ್ಣು ಶಾರ್ಪ್ ಇದ್ರೆ ಬಾಲ ಮಂಜಾಗಿದ್ರೂ ನೋಡೋರು ಕ್ಷಮಿಸ್ತಾರೆ, ಉಲ್ಟಾ ಆದ್ರೆ ಆ ಫೋಟೋ ಡಿಲೀಟ್.

ಫೋಕಸ್ ಮೋಡ್ ಯಾವಾಗ್ಲೂ ಕಂಟಿನ್ಯುಯಸ್ ಇರ್ಲಿ, ಕ್ಯಾನನಲ್ಲಿ ಅದು ಎಐ ಸರ್ವೋ ಅಥವಾ ಬರೀ ಸರ್ವೋ, ಉಳಿದ ಬಹುತೇಕ ಕಂಪನಿಗಳಲ್ಲಿ ಎಎಫ್-ಸಿ. ಡಿಎಸ್‌ಎಲ್‌ಆರಲ್ಲಿ ಕೂತ ಹಕ್ಕಿಗೆ ಸಿಂಗಲ್ ಪಾಯಿಂಟ್ ಹಾಕಿ ಕಣ್ಣ ಮೇಲೇ ಇಡಿ, ಹಾರೋ ಹಕ್ಕಿಗೆ ಮಧ್ಯದ ಪಾಯಿಂಟಿನ ಸುತ್ತ ಒಂದು ಸಣ್ಣ ಗುಂಪು. ಎಲ್ಲಾ ಪಾಯಿಂಟನ್ನೂ ಆನ್ ಮಾಡಿ ಕ್ಯಾಮೆರಾಗೇ ಬಿಟ್ರೆ ಅದು ಹತ್ರ ಇರೋ ಲಂಟಾನ ಎಲೆ ಹಿಡ್ಕೊಂಡು ಕೂರತ್ತೆ. ಮಿರರ್‌ಲೆಸಲ್ಲಿ ಬರ್ಡ್ ಐ, ಅನಿಮಲ್ ಐ ಡಿಟೆಕ್ಷನ್ ಇದ್ರೆ ಧಾರಾಳವಾಗಿ ಆನ್ ಮಾಡಿ, ಆದ್ರೆ ಪೊದೆ ಒಳಗಿನ ಹಕ್ಕಿಗೆ ಅದೂ ತಡವರ್ಸತ್ತೆ, ಆಗ ವಾಪಸ್ ಸಣ್ಣ ಪಾಯಿಂಟಿಗೆ ಬರೋದನ್ನ ಒಂದು ಬಟನ್‌ಗೆ ಸೆಟ್ ಮಾಡಿಟ್ಕೊಳಿ.

ಬ್ಯಾಕ್ ಬಟನ್ ಫೋಕಸ್ ಕಲೀರಿ. ಶಟರ್ ಬಟನ್‌ನಿಂದ ಫೋಕಸ್ ಕೆಲ್ಸ ಕಿತ್ತು ಹಿಂದಿನ ಎಎಫ್-ಆನ್ ಬಟನ್‌ಗೆ ಕೊಡೋದು, ಹೆಬ್ಬೆರಳು ಒತ್ತಿರೋವರೆಗೂ ಫೋಕಸ್ ಫಾಲೋ ಮಾಡತ್ತೆ, ಬಿಟ್ರೆ ಅಲ್ಲೇ ಲಾಕ್. ಮೊದಲೆರಡು ವಾರ ಬೆರಳು ಬೈಕೊಳತ್ತೆ, ಆಮೇಲೆ ಬಿಡಕ್ಕಾಗಲ್ಲ. ಲೆನ್ಸ್ ಮೇಲೆ ಫೋಕಸ್ ಲಿಮಿಟರ್ ಸ್ವಿಚ್ ಇದ್ರೆ ದೂರದ ಪ್ರಾಣಿಗೆ ಹತ್ರದ ರೇಂಜ್ ಕಟ್ ಮಾಡಿ, ಲೆನ್ಸ್ ಈ ತುದಿಯಿಂದ ಆ ತುದಿಗೆ ಓಡಾಡಿ ಹುಡುಕೋದು ತಪ್ಪತ್ತೆ. ಆಮೇಲೆ ಪೊದೇಲಿ ಹಕ್ಕಿ ಹತ್ರ ಬಂದಾಗ ಫೋಕಸೇ ಆಗ್ತಿಲ್ಲ ಅಂತ ಗಾಬರಿ ಆಗ್ಬೇಡಿ, ಅದೇ ಸ್ವಿಚ್ ವಾಪಸ್ ಹಾಕಿ.

ಟೆಲಿಕನ್ವರ್ಟರ್ (ಲೆನ್ಸಿಗೂ ಬಾಡಿಗೂ ಮಧ್ಯೆ ಹಾಕಿ ಜೂಮ್ ಹೆಚ್ಚಿಸೋ ಗಾಜು) ಬಗ್ಗೆ ಆಸೆ ಪಡೋರಿಗೆ: 1.4 ಎಕ್ಸ್ ಒಂದು ಸ್ಟಾಪ್ ಬೆಳಕು ತಿನ್ನತ್ತೆ, 2 ಎಕ್ಸ್ ಎರಡು ಸ್ಟಾಪ್. ಎಫ್ 6.3 ಜೂಮಿಗೆ 1.4 ಹಾಕಿದ್ರೆ ಎಫ್ 9, ಬಹಳ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಅಲ್ಲಿಗೇ ಕೈ ಎತ್ತತ್ತೆ. ದುಡ್ಡು ಉಳಿಸ್ಕೊಂಡು ಪೆಟ್ರೋಲ್‌ಗೆ ಹಾಕಿ.

ಹಿಡಿಯೋದು ಹೆಂಗೆ

150-600 ಲೆನ್ಸ್ ಸುಮಾರು 2 ಕೆಜಿ, ನಿಕಾನ್ 200-500 ಇನ್ನೂ ಸ್ವಲ್ಪ ಜಾಸ್ತಿ, ಬಾಡಿ ಸೇರಿದ್ರೆ 3 ಕೆಜಿ. ಎಡಗೈ ಲೆನ್ಸ್ ಕೆಳಗೆ ಸಾಧ್ಯವಾದಷ್ಟು ಮುಂದೆ ಇರ್ಲಿ, ಮೊಣಕೈ ಎದೆಗೆ ಒತ್ತಿರ್ಲಿ, ವ್ಯೂಫೈಂಡರ್ ಹುಬ್ಬಿಗೆ ಅಂಟಿರ್ಲಿ. ಉಸಿರು ಅರ್ಧ ಬಿಟ್ಟು ಮೆತ್ತಗೆ ಒತ್ತಿ, ಮೂರ್ನಾಲ್ಕು ಫ್ರೇಮಿನ ಸಣ್ಣ ಬರ್ಸ್ಟ್. ಮೊದಲನೇ ಫ್ರೇಮು ಬೆರಳಿನ ಒತ್ತಡಕ್ಕೆ ಅಲುಗಾಡಿರತ್ತೆ, ಎರಡನೇದೋ ಮೂರನೇದೋ ಶಾರ್ಪ್ ಇರತ್ತೆ. ಅರ್ಧ ಒತ್ತಿದ ಮೇಲೆ ಸ್ಟೆಬಿಲೈಸೇಶನ್ ಕೂತ್ಕೊಳೋಕೆ ಒಂದು ಕ್ಷಣ ಕೊಡಿ. ಟ್ರೈಪಾಡ್ ಮೇಲೆ ಇಟ್ಟಾಗ ಅದನ್ನ ಆಫ್ ಮಾಡಿ ಒಂದ್ಸಲ, ಆನ್ ಮಾಡಿ ಒಂದ್ಸಲ ತೆಗೆದು ನೋಡಿ, ಕೆಲವು ಲೆನ್ಸ್ ಟ್ರೈಪಾಡ್ ಮೇಲೆ ಸುಮ್ಮನೆ ಇರಕ್ಕಾಗದೆ ತಾನೇ ನಡುಗತ್ತೆ.

ಕಾರಲ್ಲಿ ಕೂತು ತೆಗೆಯೋದಾದ್ರೆ ಬೀನ್ ಬ್ಯಾಗ್‌ಗಿಂತ ದೊಡ್ಡ ಸ್ನೇಹಿತ ಇಲ್ಲ, ಅಂಗಡೀಲಿ ತಗೊಳೋದೇನೂ ಬೇಡ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರ್ಸಿ, ಒಂದು ಕಡೆ ಡಬಲ್ ಹೊಲಿಗೆ ಹಾಕಿಸಿ, ಒಳಗೆ ಹುರುಳಿ ತುಂಬಿ. ರಾಗಿ ತುಂಬಿದ್ರೆ ಲೆನ್ಸ್ ಇನ್ನೂ ಚೆನ್ನಾಗಿ ಕೂರತ್ತೆ ಆದ್ರೆ ಭಾರ, ಮತ್ತೆ ಹೊಲಿಗೆ ಒಂಚೂರು ಬಿಟ್ರೂ ಸೀಟೆಲ್ಲಾ ರಾಗಿ. ಭತ್ತದ ಹೊಟ್ಟು ಹಗುರ, ಆದ್ರೆ ಜಾರತ್ತೆ. ಮುಕ್ಕಾಲು ಮಾತ್ರ ತುಂಬಿ, ಬಿಗಿಯಾಗಿ ತುಂಬಿದ್ರೆ ದಿಂಬಿನ ಥರ ಲೆನ್ಸ್ ಉರುಳತ್ತೆ. ಮಳೆಗಾಲ ಮುಗಿದ್ಮೇಲೆ ಕಾಳು ಬಿಸಿಲಿಗೆ ಹಾಕಿ, ಇಲ್ಲಾಂದ್ರೆ ಹುಳ ಬಿದ್ದು ಮನೆಯೋರ ಹತ್ರ ಮಂಗಳಾರತಿ. ಎಂಜಿನ್ ಆಫ್ ಮಾಡ್ಲೇಬೇಕು, ಆ ಸಣ್ಣ ನಡುಕ 600 ಎಂಎಂನಲ್ಲಿ ಎದ್ದು ಕಾಣತ್ತೆ. ಎಸಿ ಹಾಕಿ ಕಿಟಕಿ ಇಳಿಸಿ ತೆಗೀಬೇಡಿ, ತಣ್ಣನೆ ಗಾಳಿ ಬಿಸಿ ಗಾಳಿ ಕಿಟಕಿ ಹತ್ರಾನೇ ಕಲೆತು ಅಲ್ಲೇ ಫೋಟೋ ಕೆಡತ್ತೆ.

ಗಾಳಿ ಮತ್ತೆ ದೂರ, ನಮ್ ಸೀಮೆಯ ದೊಡ್ಡ ತಲೆನೋವು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ, ಆಂಧ್ರ ಗಡಿಗೆ ಅಂಟಿಕೊಂಡಿರೋ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 2007ರಲ್ಲಿ ಘೋಷಣೆ ಆಗಿದ್ದು, 798 ಎಕರೆ. ಪೂರ್ತಿ ಬಯಲು. ಸೂರ್ಯ ಮೇಲೆ ಬಂದ ತಕ್ಷಣ ನೆಲ ಕಾಯತ್ತೆ, ನೆಲಕ್ಕೆ ಹತ್ತಿರದ ಗಾಳಿ ಬಿಸಿಯಾಗಿ ಮೇಲೇಳತ್ತೆ, ಬಿಸಿ ಗಾಳಿ ತಣ್ಣನೆ ಗಾಳಿ ಬೆಳಕನ್ನ ಬೇರೆ ಬೇರೆ ಥರ ಬಗ್ಗಿಸತ್ತೆ. ಬೇಸಿಗೇಲಿ 9 ಗಂಟೆ ಆದ್ಮೇಲೆ 150 ಮೀಟರ್ ಆಚೆಯ ಪ್ರಾಣಿಯ ಶಾರ್ಪ್ ಫೋಟೋ ಮರ್ತುಬಿಡಿ. ವ್ಯೂಫೈಂಡರಲ್ಲಿ ಕೊಂಬು ಹಾವಿನಂಗೆ ತೇಲ್ತಿದ್ರೆ ಕ್ಯಾಮೆರಾ ಕೆಳಗಿಟ್ಟು ಟೀ ಕುಡೀರಿ. ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆ, ಮೋಡ ಮುಚ್ಚಿದ ದಿನ, ಮಳೆ ಬಂದು ನಿಂತ ಮಾರನೇ ಬೆಳಗ್ಗೆ, ಇವೇ ನಿಮ್ ಟೈಮು. ಮಳೆ ಆದ್ಮೇಲೆ ಧೂಳೂ ಕೂತಿರತ್ತೆ.

ದೂರದ ಲೆಕ್ಕಾನೂ ನೋಡಿ. ಕ್ರಾಪ್ ಬಾಡೀಲಿ 600 ಎಂಎಂ ಇಟ್ಕೊಂಡು 100 ಮೀಟರ್ ದೂರ ನೋಡಿದ್ರೆ ಫ್ರೇಮಿನ ಅಗಲ ಸುಮಾರು 4 ಮೀಟರ್, ಗಂಡು ಕೃಷ್ಣಮೃಗ ಮೂರನೇ ಒಂದು ಭಾಗ ತುಂಬತ್ತೆ, ಇದು ಒಳ್ಳೇ ದೂರ. 250 ಎಂಎಂ ಇರೋರು 30 ಮೀಟರ್ ದೂರದ ಪಿಕಳಾರಕ್ಕೆ ಹೊಡೆದ್ರೆ ಹಕ್ಕಿ ಫ್ರೇಮಿನ ಹದಿನಾಲ್ಕನೇ ಒಂದು ಭಾಗ, ಅದನ್ನ ಕ್ರಾಪ್ ಮಾಡಿದ್ರೆ ಚುಕ್ಕಿಗಳೇ. ಅದೇ ಹಕ್ಕಿ 8 ಮೀಟರಿಗೆ ಬಂದ್ರೆ ಕಾಲು ಫ್ರೇಮ್ ಅದರದ್ದೇ. ಹಂಗಾಗಿ ಲೆನ್ಸ್ ಉದ್ದ ಮಾಡೋದಕ್ಕಿಂತ ದೂರ ಕಮ್ಮಿ ಮಾಡೋದು ಅಗ್ಗ.

ಆದ್ರೆ ದೂರ ಕಮ್ಮಿ ಮಾಡೋದು ಅಂದ್ರೆ ಅಟ್ಟಿಸ್ಕೊಂಡು ಹೋಗೋದಲ್ಲ. ಕೃಷ್ಣಮೃಗ ಹಿಂಡಿನ ಹಿಂದೆ ಬೈಕ್ ಬಿಡೋರನ್ನ ಕಂಡ್ರೆ ಮೈ ಉರಿಯತ್ತೆ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಶೆಡ್ಯೂಲ್ ಒಂದರ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿ, ಕೇಸ್ ಆಗತ್ತೆ, ಅದೂ ಅಲ್ದೆ ಬೆನ್ನು ತೋರ್ಸಿ ಓಡೋ ಪ್ರಾಣಿಯ ಫೋಟೋ ಯಾರಿಗ್ ಬೇಕು. ಅರಣ್ಯ ಇಲಾಖೆ ಅನುಮತಿ ಕೇಳ್ಕೊಂಡು ಹೋಗಿ, ಗಾಡಿ ಒಂದ್ಕಡೆ ನಿಲ್ಸಿ, ಸುಮ್ಮನೆ ಕೂತಿರಿ. ಮೇಯ್ತಾ ಮೇಯ್ತಾ ಅವೇ ಈ ಕಡೆ ಬರ್ತವೆ. ತಲೆ ಎತ್ತಿ ಒಂದೇ ಸಮ ನಿಮ್ಮನ್ನ ನೋಡ್ತಿವೆ ಅಂದ್ರೆ ನೀವು ಆಗ್ಲೇ ಜಾಸ್ತಿ ಹತ್ರ ಇದೀರಿ.

ಎಲ್ಲಿ ಪ್ರಾಕ್ಟೀಸ್ ಮಾಡೋದು

ಶುರುಗೆ ದೊಡ್ಡ, ನಿಧಾನದ ಹಕ್ಕಿ ಬೇಕು. ತುಮಕೂರಿನ ಅಮಾನಿಕೆರೆ ದಡದಲ್ಲಿ ಬೆಳ್ಳಕ್ಕಿ, ಬಕ ಹೊತ್ತುಗಟ್ಟಲೆ ನಿಂತಲ್ಲೇ ನಿಂತಿರ್ತವೆ, ಕಣ್ಣಿಗೆ ಫೋಕಸ್ ಇಡೋದು ಕಲಿಯೋಕೆ ಅದಕ್ಕಿಂತ ತಾಳ್ಮೆಯ ಮೇಷ್ಟ್ರು ಸಿಗಲ್ಲ. ಕೋಲಾರದೋರಿಗೆ 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬಂದು ತುಂಬಿದ ಕೆರೆಗಳಿವೆ, ಲಕ್ಷ್ಮೀಸಾಗರ, ನರಸಾಪುರ ಕಡೆ ಹೋಗಿ ನೋಡಿ. ಒಂದು ಎಚ್ಚರ, ಚಳಿಗಾಲದ ಬೆಳಗ್ಗೆ ಕೆರೆ ನೀರು ಗಾಳಿಗಿಂತ ಬೆಚ್ಚಗಿರತ್ತೆ, ನೀರಿನ ಮೇಲೂ ಅದೇ ತೇಲಾಟ ಬರತ್ತೆ, ದಡಕ್ಕೆ ಹತ್ರ ಇರೋ ಹಕ್ಕೀನೇ ಆರಿಸ್ಕೊಳಿ.

ಹಾರೋ ಹಕ್ಕಿ ಕಲಿಯೋಕೆ ಶಿರಾ ತಾಲ್ಲೂಕಿನ ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ತವೆ, ಊರೋರು ಮನೆ ಮಕ್ಕಳ ಥರ ಕಾಪಾಡ್ಕೊಂಡು ಬಂದಿದಾರೆ. ಫೆಬ್ರವರಿ ಆಸುಪಾಸಿಂದ ಮಳೆಗಾಲದವರೆಗೆ ಹೋಗಿ. ಮರ ಹತ್ರ ಇರೋದ್ರಿಂದ 300 ಎಂಎಂ ಸಾಕು, ಕಡ್ಡಿ ಕಚ್ಕೊಂಡು ಪದೇಪದೇ ಅದೇ ದಾರೀಲಿ ಬರ್ತವೆ, ಇಳಿಯೋವಾಗ ನಿಧಾನ ಆಗ್ತವೆ. ದೂರದಲ್ಲಿ ಇದ್ದಾಗ್ಲೇ ಫೋಕಸ್ ಹಿಡ್ದು ಜೊತೇಲೇ ಲೆನ್ಸ್ ತಿರುಗಿಸ್ತಾ ಬನ್ನಿ, ಕ್ಲಿಕ್ ಆದ್ಮೇಲೂ ತಿರುಗಿಸೋದು ನಿಲ್ಸಬೇಡಿ. ಸೊಂಟದಿಂದ ತಿರುಗಿ, ಕೈಯಿಂದಲ್ಲ. ಮರದ ಕೆಳಗೆ ನಿಂತು ಚಪ್ಪಾಳೆ ತಟ್ಟಿ ಹಾರಿಸೋ ಕೆಲ್ಸ ಮಾತ್ರ ಬೇಡ, ದೊಡ್ಡ ಹಕ್ಕಿ ಎದ್ರೆ ಮರಿಗೆ ಬಿಸಿಲು ಬೀಳತ್ತೆ, ಕಾಗೆ ಕಾಯ್ತಿರತ್ತೆ.

ಇವೆಲ್ಲಾ ಕೈಗೆ ಬಂದ್ಮೇಲೆ ನಂದಿ ಬೆಟ್ಟ, 1478 ಮೀಟರ್, ಚಳಿಗಾಲದಲ್ಲಿ ವಲಸೆ ನೊಣಹಿಡುಕಗಳು, ಬಂಡೆ ಸಂದೀಲಿ ಹಳದಿ ಕತ್ತಿನ ಪಿಕಳಾರ. ಈ ಪಿಕಳಾರ ದಕ್ಷಿಣ ಭಾರತದ ಕಲ್ಲು ಬೆಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ದೇವರಾಯನದುರ್ಗದಲ್ಲೂ ಸಿಗತ್ತೆ. ನಂದೀಲಿ ಮರದ ಕೆಳಗೆ ಕತ್ತಲೆ, 1/500 ಇಟ್ರೆ ಐಎಸ್ಓ 3200 ದಾಟತ್ತೆ, ದಾಟ್ಲಿ. ಮಂಜಿನಲ್ಲಿ ದೂರದ್ದಕ್ಕೆ ಫೋಕಸ್ ಹುಡುಕಾಡತ್ತೆ, ಹತ್ರದ್ದು ಮಾತ್ರ ತೆಗೀರಿ. ಎಸಿ ಕಾರಿಂದ ಇಳಿದ ತಕ್ಷಣ ಗಾಜಿನ ಮೇಲೆ ಹಬೆ ಕಟ್ಟತ್ತೆ, ಒರೆಸ್ಬೇಡಿ, ಬ್ಯಾಗಲ್ಲೇ ಹತ್ತು ಹದಿನೈದು ನಿಮಿಷ ಹೊರಗಿನ ಗಾಳಿಗೆ ಒಗ್ಗೋಕೆ ಬಿಡಿ. ಶನಿವಾರ ಭಾನುವಾರ ಹೋದ್ರೆ ಹಕ್ಕಿಗಿಂತ ಸೆಲ್ಫಿ ಸ್ಟಿಕ್ಕೇ ಜಾಸ್ತಿ ಕಾಣೋದು.

ಮನೇಗ್ ಬಂದ್ಮೇಲೆ

ರಾ ಫೈಲಲ್ಲೇ (ಕ್ಯಾಮೆರಾ ತಿದ್ದದೇ ಇರೋ ಕಚ್ಚಾ ಫೈಲ್) ತೆಗೀರಿ. ಕಂಪ್ಯೂಟರಲ್ಲಿ ಮೊದಲು ಕಣ್ಣು ಶಾರ್ಪ್ ಇಲ್ದೇ ಇರೋದೆಲ್ಲಾ ಡಿಲೀಟ್, ಆದ್ರೆ ಡಿಲೀಟ್ ಮಾಡೋವಾಗ ಇದು ಕೈಯಾ, ಪ್ರಾಣಿನಾ, ಫೋಕಸ್ಸಾ, ಗಾಳಿನಾ ಅಂತ ನೋಡ್ಕೊಂಡು ಮಾಡಿ, ಮುಂದಿನ ವಾರ ಏನು ಸರಿ ಮಾಡ್ಬೇಕು ಅಂತ ಅದೇ ಹೇಳತ್ತೆ. ಆಮೇಲೆ ನಾಯ್ಸ್ ರಿಡಕ್ಷನ್ (ಗ್ರೇನ್ ತೆಗೆಯೋದು), ಕೊನೇಲಿ ಶಾರ್ಪನಿಂಗ್, ಅದೂ ಹಕ್ಕಿ ಮೇಲೆ ಮಾತ್ರ, ಹಿಂದಿನ ಹಸಿರಿಗೆ ಶಾರ್ಪನಿಂಗ್ ಕೊಟ್ರೆ ಬರೀ ಮರಳು ಕಾಣತ್ತೆ. ಕೊಂಬಿನ ಅಂಚಲ್ಲಿ ಬಿಳಿ ಗೆರೆ ಎದ್ದಿದೆ ಅಂದ್ರೆ ಜಾಸ್ತಿ ಆಯ್ತು ಅಂತ ಅರ್ಥ, ಸ್ಲೈಡರ್ ಹಿಂದಕ್ಕೆ ತನ್ನಿ. ಫೇಸ್‌ಬುಕ್, ಇನ್‌ಸ್ಟಾಗೆ ಹಾಕೋಕೆ ಸೈಜ್ ಚಿಕ್ಕದು ಮಾಡಿದ್ಮೇಲೆ ಇನ್ನೊಂಚೂರು ಶಾರ್ಪನಿಂಗ್ ಬೇಕಾಗತ್ತೆ. ಗೆಳೆಯರಿಗೆ ವಾಟ್ಸಾಪಲ್ಲಿ ಕಳ್ಸೋದಾದ್ರೆ ಡಾಕ್ಯುಮೆಂಟ್ ಆಗಿ ಕಳ್ಸಿ, ಮಾಮೂಲಿ ಫೋಟೋ ಆಗಿ ಕಳ್ಸಿದ್ರೆ ಅದು ಹಿಂಡಿ ಹಿಪ್ಪೆ ಮಾಡಿ ಕಳ್ಸತ್ತೆ, ಆ ಕಡೆಯೋರು ನೋಡಿ ‘ಶಾರ್ಪ್ ಇಲ್ವಲ್ಲ ಗುರು’ ಅಂತಾರೆ.